ಮೊದಲ ಬೌಲಿಂಗ್ ಬಾಲ್: ಹೊಸಬರು ಪದೇ ಪದೇ ಕೇಳುವ ಪ್ರಶ್ನೆಗಳು

ಮೊದಲೇ ಹೇಳಿಬಿಡುತ್ತೇನೆ, ಇದು ಕ್ರಿಕೆಟ್ ಬೌಲಿಂಗ್ ಅಲ್ಲ. ಉದ್ದನೆಯ ಲೇನ್ ಮೇಲೆ ಬಾಲ್ ಉರುಳಿಸಿ 10 ಪಿನ್ ಬೀಳಿಸುವ ಆಟದ ವಿಷಯ. ಆಟ ಹಿಡಿಸಿ, ಇನ್ನು ಸ್ವಂತದ್ದೊಂದು ಬಾಲ್ ಇರಲಿ ಅನ್ನಿಸಿದವರು ನನ್ನನ್ನು ಕೇಳುವ ಪ್ರಶ್ನೆಗಳನ್ನೆಲ್ಲ ಇಲ್ಲಿ ಒಟ್ಟು ಮಾಡಿದ್ದೇನೆ. ಉತ್ತರಗಳಲ್ಲಿ ನನ್ನ ಅಭಿಪ್ರಾಯವೂ ಸೇರಿದೆ. ಬೇರೆ ಆಟಗಾರರನ್ನು ಕೇಳಿದರೆ ಒಂದೆರಡು ಕಡೆ ಜಗಳ ಆಡಬಹುದು.

ನಾನಿನ್ನೂ ಕಲಿಯುತ್ತಿದ್ದೇನೆ. ಈಗಲೇ ಸ್ವಂತ ಬಾಲ್ ಬೇಕಾ?

ಆರು ತಿಂಗಳಿಗೊಮ್ಮೆ ಗೆಳೆಯರ ಜೊತೆ ಹೋಗಿ ನಕ್ಕು ಬರುವವರಾದರೆ ಬೇಡ. ಅಲ್ಲಿ ಸ್ಟ್ಯಾಂಡಿನಲ್ಲಿಟ್ಟಿರುವ ಹೌಸ್ ಬಾಲ್ ಸಾಕು. ವಾರಕ್ಕೊಮ್ಮೆಯಾದರೂ ಆಡುತ್ತೀರಾ? ಒಳಗೆ ಕಾಲಿಟ್ಟ ಕೂಡಲೇ, ಹೋದ ವಾರ ಕೈಗೆ ಸರಿ ಕೂತಿದ್ದ ಅದೇ ಬಾಲ್ ಎಲ್ಲಿದೆ ಎಂದು ಒಂದೊಂದೇ ಸ್ಟ್ಯಾಂಡ್ ತಡಕುತ್ತೀರಾ? ಹಾಗಾದರೆ ಕೊಳ್ಳುವ ಹೊತ್ತು ಬಂದಿದೆ.

"ಚೆನ್ನಾಗಿ ಆಡೋಕೆ ಬಂದ ಮೇಲೆ ತಗೊಳ್ತೀನಿ" ಅನ್ನುವವರೇ ಜಾಸ್ತಿ. ನನಗೆ ಇದು ತಲೆಕೆಳಗು ಲೆಕ್ಕ ಅನ್ನಿಸುತ್ತದೆ. ಹೌಸ್ ಬಾಲ್ ತೂತುಗಳು ಯಾರ ಬೆರಳಾದರೂ ಹೋಗಲಿ ಎಂದು ದೊಡ್ಡದಾಗಿ ಕೊರೆದವು. ಸಡಿಲ ತೂತಿನಲ್ಲಿ ಬಾಲ್ ಎಲ್ಲಿ ಜಾರಿಬಿಡುತ್ತದೋ ಎಂದು ಕೈ ತಾನಾಗಿ ಬಿಗಿಯಾಗುತ್ತದೆ. ಹಾಗೆ ಹಿಸುಕಿ ಹಿಡಿಯುವ ಅಭ್ಯಾಸ ಒಮ್ಮೆ ಅಂಟಿದರೆ ಬಿಡಿಸುವುದು ಕಷ್ಟ. ಅಳತೆಯ ಬಾಲ್ ಬೇಕಾಗುವುದು ಪಳಗಿದವರಿಗಿಂತ ಹೆಚ್ಚಾಗಿ ಕಲಿಯುವವರಿಗೆ.

ಕೊಳ್ಳುವಾಗ ಮೊದಲು ಏನು ನೋಡಬೇಕು? ಕಂಪನಿಯಾ, ತೂಕವಾ, ಬಣ್ಣವಾ?

ತೂತು. ಹೌದು, ಬಾಲ್‌ಗಿಂತ ಅದರ ತೂತು ಮುಖ್ಯ.

ಇದನ್ನು ನಾನು ಪೆಟ್ಟು ತಿಂದು ಕಲಿತೆ. ಪಕ್ಕದ ಲೇನ್‌ನಲ್ಲಿ ಒಬ್ಬರು ಆಡುತ್ತಿದ್ದರು. ಅವರ ಬಾಲ್ ಬಲಗಡೆ ಗಟರ್ (ಲೇನ್ ಪಕ್ಕದ ಕಾಲುವೆ) ಅಂಚಿನಲ್ಲೇ ಸಾಗಿ, ಕೊನೆಗೆ ಯಾರೋ ಕರೆದ ಹಾಗೆ ಒಳಕ್ಕೆ ತಿರುಗಿ ಹತ್ತೂ ಪಿನ್ ಉರುಳಿಸುತ್ತಿತ್ತು. ನಾನು ಅದೇ ಬಾಲ್, ಅದೇ 15 ಪೌಂಡ್ ತರಿಸಿದೆ. ಅಳತೆಯನ್ನು ಅರ್ಜೆಂಟಿನಲ್ಲಿ ಕೊಟ್ಟೆ. ಎರಡನೇ ವಾರಕ್ಕೆ ಹೆಬ್ಬೆರಳ ಬುಡದಲ್ಲಿ ನೀರುಗುಳ್ಳೆ. ಮೂರನೇ ವಾರಕ್ಕೆ ಮಣಿಕಟ್ಟು ನೋವು. ಬಾಲ್ ತಿರುಗುತ್ತಿತ್ತು ನಿಜ, ಆದರೆ ನನ್ನ ನಿಧಾನದ ಎಸೆತಕ್ಕೆ ಅದು ಅರ್ಧ ದಾರಿಯಲ್ಲೇ ತಿರುಗಿ ಎಡಗಡೆಯ 7ನೇ ಪಿನ್ ಕಡೆಗೆ ಓಡಿಬಿಡುತ್ತಿತ್ತು. ಬಾಲ್ ತಪ್ಪಲ್ಲ ಅದು. ಬೇರೆಯವರ ಅಂಗಿ ನಾನು ಹಾಕಿಕೊಂಡಿದ್ದೆ, ಅಷ್ಟೇ.

ಹಾಗಾಗಿ ನನ್ನ ಸಾಲು ಹೀಗೆ: ಮೊದಲು ಅಳತೆ, ಆಮೇಲೆ ತೂಕ, ಆಮೇಲೆ ಮೇಲ್ಮೈ. ಕಂಪನಿ ಕೊನೆಗೆ.

ಅಳತೆ ಹೇಗೆ ತೆಗೆಯುತ್ತಾರೆ?

ಬೌಲಿಂಗ್ ಸಾಮಾನು ಮಾರಿ, ತೂತು ಕೊರೆದು ಕೊಡುವ ಅಂಗಡಿಗೆ ಪ್ರೊ ಶಾಪ್ ಅನ್ನುತ್ತಾರೆ. ನನ್ನ ಎರಡನೇ ಬಾಲ್‌ಗೆ ಅಳತೆ ತೆಗೆದವರು ಬಾಲ್ ಮುಟ್ಟುವ ಮೊದಲು ನನ್ನ ಕೈ ನೋಡಿದರು. ಹೆಬ್ಬೆರಳನ್ನು ಮೆಲ್ಲಗೆ ಹಿಂದಕ್ಕೆ ಬಾಗಿಸಿದರು. ನಡುಬೆರಳು, ಉಂಗುರ ಬೆರಳನ್ನು ಮಡಚಿಸಿ ಬಿಡಿಸಿದರು. "ಮೊದಲು ಯಾವತ್ತಾದ್ರೂ ಈ ಕೈಗೆ ಪೆಟ್ಟಾಗಿತ್ತಾ?" ಎಂದು ಕೇಳಿದರು. ಆಮೇಲೆ ಸಾಲಾಗಿ ತೂತುಗಳಿದ್ದ ಒಂದು ಗೇಜ್ ತೆಗೆದರು. ಒಂದು ತೂತಿಗೂ ಇನ್ನೊಂದಕ್ಕೂ ಕಣ್ಣಿಗೆ ಕಾಣದಷ್ಟು ವ್ಯತ್ಯಾಸ. ಬೌಲಿಂಗ್‌ನಲ್ಲಿ ತೂತಿನ ಲೆಕ್ಕ ಇಂಚಿನ 64ನೇ ಒಂದು ಭಾಗದವರೆಗೂ ಹೋಗುತ್ತದೆ, ಅಂದರೆ ಸುಮಾರು 0.4 ಮಿಲಿಮೀಟರ್. ಕಣ್ಣಿಗೆ ಗೊತ್ತಾಗದು, ಬೆರಳಿಗೆ ಕೂಡಲೇ ಗೊತ್ತಾಗುತ್ತದೆ.

ಅವರು ಮೂರು ವಿಷಯ ಬರೆದುಕೊಳ್ಳುತ್ತಾರೆ. ಒಂದು, ಪ್ರತಿ ತೂತಿನ ಅಗಲ. ಎರಡು, ಸ್ಪ್ಯಾನ್. ಅಂದರೆ ಹೆಬ್ಬೆರಳ ತೂತಿನಿಂದ ಬೆರಳುಗಳ ತೂತಿಗೆ ಇರುವ ದೂರ. ನಡುಬೆರಳಿಗೂ ಉಂಗುರ ಬೆರಳಿಗೂ ಇದು ಬೇರೆ ಬೇರೆ ಬರುತ್ತದೆ. ಮೂರು, ಪಿಚ್. ತೂತು ಬಾಲ್‌ನ ನಡುವಿನ ಕಡೆಗೆ ವಾಲಬೇಕೋ, ಹೊರಗಡೆಗೆ ವಾಲಬೇಕೋ ಎಂಬ ಲೆಕ್ಕ. ಹೆಬ್ಬೆರಳ ತೂತು ಅಂಗೈ ಕಡೆಗೆ ವಾಲಿದಷ್ಟೂ ಬಾಲ್ ಕೈಯಲ್ಲಿ ಜಾಸ್ತಿ ಹೊತ್ತು ನಿಲ್ಲುತ್ತದೆ. ಅಂಗೈಯಿಂದ ಆಚೆಗೆ ವಾಲಿದಷ್ಟೂ ಬೇಗ ಬಿಟ್ಟುಕೊಳ್ಳುತ್ತದೆ. ಹಿಂದಕ್ಕೆ ಚೆನ್ನಾಗಿ ಬಾಗುವ ಹೆಬ್ಬೆರಳಿಗೂ, ಕಡ್ಡಿಯ ಹಾಗೆ ನೆಟ್ಟಗಿರುವ ಹೆಬ್ಬೆರಳಿಗೂ ಒಂದೇ ಪಿಚ್ ಆಗಿಬರುವುದಿಲ್ಲ.

ಇಷ್ಟೆಲ್ಲ ನೋಡದೆ, ಕೈಯ ಮೇಲೊಂದು ಕಣ್ಣು ಹಾಯಿಸಿ "ಮೀಡಿಯಂ ಸಾಕು" ಅನ್ನುವವರು ಸಿಕ್ಕರೆ ಬೇರೆ ಕಡೆ ಹೋಗಿ.

ಅಳತೆ ಸರಿ ಇದೆ ಅಂತ ನನಗೆ ಹೇಗೆ ಗೊತ್ತಾಗಬೇಕು?

ಹೆಬ್ಬೆರಳು ಬುಡದವರೆಗೂ ಹೋಗಬೇಕು. ಸುತ್ತಲೂ ಚರ್ಮ ತಾಕುತ್ತಿರಬೇಕು, ಹಿಡಿದುಕೊಳ್ಳಬಾರದು. ಕೈ ಕೆಳಗೆ ಬಿಟ್ಟು ತೂಗಾಡಿಸಿದಾಗ ಹಿಸುಕದೆಯೇ ಬಾಲ್ ನಿಲ್ಲಬೇಕು. ಬಿಟ್ಟಾಗ "ಟಪ್" ಎಂದು ಶಬ್ದ ಮಾಡಿ ಕಿತ್ತುಕೊಂಡು ಬರಬಾರದು.

ಸ್ಪ್ಯಾನ್ ಉದ್ದವಾದರೆ ಅಂಗೈ ಎಳೆದಂತಾಗಿ ಹೆಬ್ಬೆರಳ ಬುಡ ನೋಯುತ್ತದೆ. ಗಿಡ್ಡವಾದರೆ ಅಂಗೈಗೂ ಬಾಲ್‌ಗೂ ನಡುವೆ ತೀರಾ ಜಾಗ ಉಳಿದು ಮತ್ತೆ ಹಿಸುಕುವುದೇ ಆಗುತ್ತದೆ. ಹೌಸ್ ಬಾಲ್ ಆರಿಸುವಾಗಲೂ ಇದನ್ನು ನೋಡಬಹುದು: ಬೆರಳು ಹಾಕಿ ಹಿಡಿದಾಗ ಅಂಗೈ ಕೆಳಗೆ ಒಂದು ಪೆನ್ಸಿಲ್ ತೂರುವಷ್ಟು ಜಾಗ ಇದ್ದರೆ ಹೆಚ್ಚುಕಮ್ಮಿ ಸರಿ.

ಇನ್ನೊಂದು ಮಾತು. ದಿನಗಟ್ಟಲೆ ಆಡಿದವರ ಕೈ ಸ್ವಲ್ಪ ಜಡ್ಡುಗಟ್ಟುವುದು ಸಹಜ. ಗುಳ್ಳೆ ಏಳುವುದು, ಚರ್ಮ ಸುಲಿಯುವುದು, ಬೆರಳು ಜೋಮು ಹಿಡಿಯುವುದು ಸಹಜ ಅಲ್ಲ. "ಅಭ್ಯಾಸ ಆದ್ರೆ ಸರಿಹೋಗುತ್ತೆ" ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅದು ಅಳತೆಯ ತಪ್ಪು, ಸರಿಪಡಿಸಿಕೊಳ್ಳಿ.

ಕನ್ವೆನ್ಷನಲ್, ಫಿಂಗರ್‌ಟಿಪ್ ಅಂತಾರಲ್ಲ, ಏನದು?

ಬೆರಳು ಎಷ್ಟು ಒಳಗೆ ಹೋಗುತ್ತದೆ ಎಂಬುದರ ಹೆಸರು. ಕನ್ವೆನ್ಷನಲ್ ಹಿಡಿತದಲ್ಲಿ ಬೆರಳು ಎರಡನೇ ಗೆಣ್ಣಿನವರೆಗೆ ಒಳಗೆ. ಹೌಸ್ ಬಾಲ್ ಎಲ್ಲ ಹೀಗೇ. ಫಿಂಗರ್‌ಟಿಪ್‌ನಲ್ಲಿ ಮೊದಲ ಗೆಣ್ಣಿನವರೆಗೆ ಮಾತ್ರ. ಹೆಬ್ಬೆರಳು ಎರಡರಲ್ಲೂ ಪೂರ್ತಿ ಒಳಗೆ.

ಫಿಂಗರ್‌ಟಿಪ್‌ನಲ್ಲಿ ಹೆಬ್ಬೆರಳು ಮೊದಲು ಹೊರಬರುತ್ತದೆ, ಆಮೇಲೆ ಬೆರಳುಗಳು ಬಾಲನ್ನು ಮೇಲಕ್ಕೆ ತಿರುಗಿಸಿ ಬಿಡುತ್ತವೆ. ಸುತ್ತು ಬರುವುದು ಅಲ್ಲಿಂದಲೇ. ಬೆರಳಿನ ತೂತುಗಳಲ್ಲಿ ಸಾಮಾನ್ಯವಾಗಿ ರಬ್ಬರಿನಂಥ ಗ್ರಿಪ್ ಕೂರಿಸುತ್ತಾರೆ. ಸವೆದರೆ ಅದನ್ನಷ್ಟೇ ಬದಲಿಸಬಹುದು.

ಹೊಸಬರಿಗೆ ಯಾವುದು? ಹುಕ್, ಅಂದರೆ ಕೊನೆಗೆ ಒಳಕ್ಕೆ ತಿರುಗುವ ಎಸೆತ, ಕಲಿಯುವ ಆಸೆ ಇದ್ದರೆ ನೇರವಾಗಿ ಫಿಂಗರ್‌ಟಿಪ್‌ಗೆ ಹೋಗಿ. ಮೊದಲ ಮೂರ್ನಾಲ್ಕು ದಿನ ಬಾಲ್ ಬೆರಳ ತುದಿಯಲ್ಲಿ ನೇತಾಡಿದ ಹಾಗೆ ಹೆದರಿಕೆ ಆಗುತ್ತದೆ. ಆಮೇಲೆ ಹೌಸ್ ಬಾಲ್ ಹಿಡಿದರೆ ಅದೇ ವಿಚಿತ್ರ ಅನ್ನಿಸುತ್ತದೆ. ಬೆರಳ ಗೆಣ್ಣುಗಳಲ್ಲಿ ನೋವು ಇರುವವರು, ಸುಮ್ನೆ ನೇರವಾಗಿ ಆಡಿದರೆ ಸಾಕು ಅನ್ನುವವರು ಕನ್ವೆನ್ಷನಲ್‌ನಲ್ಲೇ ಇರಲಿ.

ಎಷ್ಟು ತೂಕದ ಬಾಲ್ ತಗೊಳ್ಳಲಿ?

ನಿಯಮದ ಪ್ರಕಾರ ಬಾಲ್ 16 ಪೌಂಡ್ ಮೀರಬಾರದು. ಅಂದರೆ ಸುಮಾರು 7.26 ಕಿಲೋ. ಹಗುರದ ಕಡೆ 6 ಪೌಂಡ್ ಬಾಲ್ ಕೂಡ ಸಿಗುತ್ತದೆ. ತೂಕ ಏನೇ ಇರಲಿ, ಗಾತ್ರ ಒಂದೇ: ಅಡ್ಡಳತೆ ಸುಮಾರು 21.6 ಸೆಂಟಿಮೀಟರ್. ನೋಡಿ ತೂಕ ಹೇಳಲು ಆಗುವುದಿಲ್ಲ. ಎತ್ತಿಯೇ ನೋಡಬೇಕು.

ದೇಹದ ತೂಕದ 10ನೇ ಒಂದು ಭಾಗ ಅನ್ನುವ ಸೂತ್ರ ಎಲ್ಲರ ಬಾಯಲ್ಲೂ ಇದೆ. 60 ಕಿಲೋ ಇದ್ದರೆ 6 ಕಿಲೋ, ಅಂದರೆ 13 ಪೌಂಡ್. ಹುಡುಕಾಟ ಎಲ್ಲಿಂದ ಶುರು ಮಾಡಬೇಕು ಎನ್ನುವುದಕ್ಕೆ ಅದು ಪರವಾಗಿಲ್ಲ. ಆದರೆ ನಿಮ್ಮ ಭುಜ, ಮಣಿಕಟ್ಟು, ವಯಸ್ಸು ಯಾವುದೂ ಆ ಸೂತ್ರಕ್ಕೆ ಗೊತ್ತಿಲ್ಲ. 95 ಕಿಲೋ ಇದ್ದು ಭುಜನೋವು ಇರುವವರಿಗೆ 16 ಪೌಂಡ್ ಕೊಟ್ಟರೆ ಅದು ಶಿಕ್ಷೆ.

ನಾನು ಹೇಳುವ ಪರೀಕ್ಷೆ ಬೇರೆ. ಹೌಸ್ ಬಾಲ್‌ನಲ್ಲೇ ಮೂರು ಗೇಮ್ ಬಿಡದೆ ಆಡಿ. ಮೊದಲ ಗೇಮ್ ಏನನ್ನೂ ಹೇಳುವುದಿಲ್ಲ, ಆಗ ಎಲ್ಲರೂ ಪೈಲ್ವಾನರೇ. ಮೂರನೇ ಗೇಮಿನ ಕೊನೆಯ ಎರಡು ಫ್ರೇಮ್ (ಸರದಿ) ನೋಡಿ. ಬಾಲ್ ಹಿಂದಕ್ಕೆ ತೂಗುವಾಗ ಭುಜ ಕೆಳಗೆ ಎಳೆಯುತ್ತಿದೆಯೇ? ಫೌಲ್ ಲೈನ್ (ಎಸೆಯುವಾಗ ದಾಟಬಾರದ ಗೆರೆ) ಹತ್ತಿರ ಬಾಲ್ ಕೈಯಿಂದ ಧೊಪ್ಪೆಂದು ಬೀಳುತ್ತಿದೆಯೇ? ಆ ತೂಕ ಜಾಸ್ತಿ, ಒಂದು ಪೌಂಡ್ ಇಳಿಯಿರಿ. ಬದಲಿಗೆ ತೋಳಿನ ಬಲದಿಂದಲೇ ಬಾಲನ್ನು ಎಸೆದುಬಿಡಲು ಆಗುತ್ತಿದೆಯೇ, ಕೈ ಅತ್ತಿತ್ತ ಓಲಾಡುತ್ತಿದೆಯೇ? ಅದು ತೀರಾ ಹಗುರ. ತೂಕ ಸರಿ ಇದ್ದರೆ ಬಾಲ್ ಗಡಿಯಾರದ ಲೋಲಕದ ಹಾಗೆ ತಾನೇ ತೂಗುತ್ತದೆ, ನೀವು ಅದರ ಜೊತೆ ನಡೆದರೆ ಸಾಕು.

ಅಳತೆಗೆ ಕೊರೆಸಿದ ಬಾಲ್ ಅದೇ ತೂಕದ ಹೌಸ್ ಬಾಲ್‌ಗಿಂತ ಹಗುರ ಅನ್ನಿಸುತ್ತದೆ. ಹಿಸುಕುವ ಕೆಲಸ ತಪ್ಪುತ್ತದಲ್ಲ, ಅದಕ್ಕೆ. ಹಾಗಾಗಿ 12 ಪೌಂಡ್ ಹೌಸ್ ಬಾಲ್‌ನಲ್ಲಿ ಆರಾಮಾಗಿ ಆಡುವವರಿಗೆ 13, ಕೆಲವರಿಗೆ 14 ಕೂಡ ಕೈಗೆ ಒಗ್ಗುತ್ತದೆ. ಅನುಮಾನ ಇದ್ದರೆ ಕೆಳಗಿನದನ್ನೇ ಆರಿಸಿ.

ಹಗುರ ಬಾಲ್‌ನಲ್ಲಿ ಪಿನ್ ಬೀಳಲ್ಲ ಅಂತಾರೆ, ನಿಜವಾ?

ಅರ್ಧ ನಿಜ. ಒಂದು ಪಿನ್ ಒಂದೂವರೆ ಕಿಲೋಗಿಂತ ಸ್ವಲ್ಪ ಜಾಸ್ತಿ ತೂಗುತ್ತದೆ. ಹತ್ತು ಪಿನ್ ಗುಂಪಿಗೆ ನುಗ್ಗಿದ ಹಗುರ ಬಾಲ್ ಮೊದಲ ಪಿನ್‌ಗೆ ತಾಗಿದ ಕೂಡಲೇ ಪಕ್ಕಕ್ಕೆ ಸರಿದುಬಿಡುತ್ತದೆ. ಭಾರದ ಬಾಲ್ ಅಷ್ಟು ಸರಿಯದೆ ಒಳಗೆ ಹೋಗುತ್ತದೆ. ಮೊದಲ ಎಸೆತಕ್ಕೇ ಹತ್ತೂ ಪಿನ್ ಬಿದ್ದರೆ ಅದು ಸ್ಟ್ರೈಕ್. ಬಲಗೈ ಆಟಗಾರರ ಅಚ್ಚುಕಟ್ಟಾದ ಸ್ಟ್ರೈಕ್‌ನಲ್ಲಿ ಬಾಲ್ ಮುಟ್ಟುವುದು ನಾಲ್ಕೇ ಪಿನ್: 1, 3, 5 ಮತ್ತು 9 (ಎದುರಿನ ಪಿನ್ 1, ಅಲ್ಲಿಂದ ಹಿಂದಕ್ಕೆ ಸಾಲು ಸಾಲಾಗಿ ಎಡದಿಂದ ಬಲಕ್ಕೆ ಎಣಿಕೆ). ಉಳಿದ ಆರನ್ನು ಪಿನ್‌ಗಳೇ ಒಂದಕ್ಕೊಂದು ಬೀಳಿಸುತ್ತವೆ. ಬಾಲ್ ದಾರಿ ತಪ್ಪಿದರೆ 5ನೆಯದು ಅಲ್ಲೇ ನಿಂತು ನಗುತ್ತದೆ.

ಹಾಗಂತ ಎಸೆಯಲಾಗದ 16 ಪೌಂಡ್‌ಗಿಂತ, ಗುರಿಯಿಟ್ಟು ಎಸೆದ 12 ಪೌಂಡ್ ಯಾವತ್ತೂ ಮೇಲು.

ಪ್ಲಾಸ್ಟಿಕ್, ಯುರೆಥೇನ್, ರಿಯಾಕ್ಟಿವ್: ಇದರಲ್ಲಿ ನನಗೆ ಯಾವುದು?

ಇದಕ್ಕೆ ಉತ್ತರ ಹೇಳುವ ಮೊದಲು ಲೇನ್ ಬಗ್ಗೆ ಎರಡು ಮಾತು. ಫೌಲ್ ಲೈನ್‌ನಿಂದ ಮೊದಲ ಪಿನ್‌ಗೆ 60 ಅಡಿ. ಅದರಲ್ಲಿ ಮುಂದಿನ ಹೆಚ್ಚಿನ ಭಾಗಕ್ಕೆ, ಸಾಮಾನ್ಯವಾಗಿ 40 ಅಡಿಯ ಆಸುಪಾಸಿಗೆ, ತೆಳ್ಳಗೆ ಎಣ್ಣೆ ಸವರಿರುತ್ತಾರೆ. ಕಣ್ಣಿಗೆ ಕಾಣುವುದಿಲ್ಲ. ದಿನನಿತ್ಯದ ಆಟಕ್ಕೆ ಹಾಕುವ ಎಣ್ಣೆ ನಡುವೆ ದಟ್ಟ, ಅಂಚಿನಲ್ಲಿ ತೆಳು. ಕೊನೆಯ ಸುಮಾರು 20 ಅಡಿ ಒಣ. ಬಾಲ್ ಎಣ್ಣೆಯ ಮೇಲೆ ಜಾರುತ್ತದೆ, ಒಣಭಾಗಕ್ಕೆ ಬಂದಾಗ ನೆಲ ಕಚ್ಚಿ ತಿರುಗುತ್ತದೆ. ಈ ತಿರುವೇ ಹುಕ್. ಎಷ್ಟು ಕಚ್ಚುತ್ತದೆ ಎಂಬುದು ಮುಖ್ಯವಾಗಿ ಬಾಲ್‌ನ ಹೊರಪದರದ ಮೇಲೆ ನಿಂತಿದೆ.

ಪ್ಲಾಸ್ಟಿಕ್ ಬಾಲ್ ಅಂದರೆ ಪಾಲಿಯೆಸ್ಟರ್. ನುಣ್ಣಗೆ, ಗಟ್ಟಿ. ನೆಲ ಕಚ್ಚುವುದು ತೀರಾ ಕಡಿಮೆ, ನೇರ ಹೋಗುತ್ತದೆ. ಹೌಸ್ ಬಾಲ್‌ಗಳೂ ಸಾಮಾನ್ಯವಾಗಿ ಇದೇ ಜಾತಿ. ಯುರೆಥೇನ್ 1980ರ ದಶಕದ ಶುರುವಿನಲ್ಲಿ ಬಂತು. ಅದರ ತಿರುವು ಉದ್ದಕ್ಕೂ ನಿಧಾನ, ಬಿಲ್ಲಿನ ಹಾಗೆ. ರಿಯಾಕ್ಟಿವ್ ರೆಸಿನ್ 1990ರ ದಶಕದ ಶುರುವಿನದು. ಅದರ ಮೈಯಲ್ಲಿ ಸಣ್ಣ ಸಣ್ಣ ರಂಧ್ರಗಳಿದ್ದು ಎಣ್ಣೆ ಹೀರಿಕೊಳ್ಳುತ್ತವೆ. ಒಣಭಾಗಕ್ಕೆ ಬಂದಾಗ ಚೂಪಾಗಿ ತಿರುಗುತ್ತದೆ. ಇವೆಲ್ಲಕ್ಕಿಂತ ಮೊದಲು ಲಿಗ್ನಮ್ ವೈಟೆ ಎಂಬ ಗಟ್ಟಿ ಮರದ ಬಾಲ್ ಇತ್ತು. 20ನೇ ಶತಮಾನದ ಶುರುವಿನಲ್ಲಿ ರಬ್ಬರ್ ಬಂದು ಅದನ್ನು ಬದಿಗೆ ಸರಿಸಿತು.

ಈಗ ಆಯ್ಕೆ. ನೀವು ನೇರವಾಗಿ ಎಸೆಯುವವರು, ಸದ್ಯಕ್ಕೆ ಹಾಗೇ ಇರುವವರು: ಪ್ಲಾಸ್ಟಿಕ್ ತಗೊಳ್ಳಿ. ಮುಂದೆ ಹುಕ್ ಕಲಿತರೂ ಅದು ದಂಡವಾಗುವುದಿಲ್ಲ. ಮೂಲೆಯ ಒಂಟಿ ಪಿನ್ ಹೊಡೆಯಲು ಪಳಗಿದವರೂ ಪ್ಲಾಸ್ಟಿಕ್ ಬಾಲನ್ನೇ ಎತ್ತಿಕೊಳ್ಳುತ್ತಾರೆ. ತಿರುಗದೆ ನೇರ ಹೋಗುವುದೇ ಅಲ್ಲಿ ಬೇಕಾದದ್ದು.

ನೀವು ಯಾರಿಂದಲಾದರೂ ಹುಕ್ ಕಲಿಯುತ್ತಿದ್ದೀರಿ, ವಾರಕ್ಕೆ ಎರಡು ಸಲ ಆಡುತ್ತೀರಿ: ಶುರುವಿನವರಿಗೆಂದೇ ಮಾಡಿದ ಸೌಮ್ಯ ರಿಯಾಕ್ಟಿವ್ ತಗೊಳ್ಳಿ. ಮೇಲ್ಮೈ ಹೊಳಪಿನದು, ಪರ್ಲ್ ಅನ್ನುವ ಬಗೆ, ಇರಲಿ. ಬ್ರನ್ಸ್‌ವಿಕ್ ರೈನೊ, ಸ್ಟಾರ್ಮ್ ಟ್ರಾಪಿಕಲ್ ಸರ್ಜ್ ಇಂಥ ಬಾಲ್‌ಗಳು ಈ ಸಾಲಿನವು. "ಹೆವಿ ಆಯಿಲ್" ಎಂದು ಪೆಟ್ಟಿಗೆ ಮೇಲೆ ಬರೆದಿರುವುದರ ತಂಟೆಗೆ ಹೋಗಬೇಡಿ. ಅದು ಎಣ್ಣೆ ಜಾಸ್ತಿ ಇರುವ ಲೇನ್‌ಗೆ, ಜೋರಾಗಿ ಎಸೆಯುವವರಿಗೆ. ನನ್ನ ಮೊದಲ ಬಾಲ್ ಅದೇ ಆಗಿತ್ತು, ಕಥೆ ಮೇಲೆ ಹೇಳಿದೆನಲ್ಲ.

ಯುರೆಥೇನ್? ಮೊದಲನೆಯದಾಗಿ ಬೇಡ. ಕೆಟ್ಟದ್ದು ಅಂತಲ್ಲ. ಅದರ ಉಪಯೋಗ ಏನು ಎಂದು ಗೊತ್ತಾಗಲು ಮೊದಲು ಬೇರೆ ಬಾಲ್ ಆಡಿರಬೇಕು.

ಕೋರ್, ಆರ್‌ಜಿ, ಡಿಫರೆನ್ಶಿಯಲ್: ಇದೆಲ್ಲ ತಲೆಗೆ ಹಾಕಿಕೊಳ್ಳಬೇಕಾ?

ಮೊದಲ ಬಾಲ್‌ಗೆ ಬೇಡ. ಆದರೂ ಕುತೂಹಲಕ್ಕೆ: ಬಾಲ್ ಒಳಗೆ ಭಾರದ ಒಂದು ಗಟ್ಟಿ ಇರುತ್ತದೆ, ಅದು ಕೋರ್. ಅದರ ಆಕಾರಕ್ಕೆ ತಕ್ಕ ಹಾಗೆ ಬಾಲ್ ಬೇಗ ಉರುಳಲು ಶುರು ಮಾಡುತ್ತದೋ, ತಡವಾಗಿಯೋ ಎಂದು ತೀರ್ಮಾನ ಆಗುತ್ತದೆ. ಆರ್‌ಜಿ ಅನ್ನುವ ಅಂಕಿ ಅದನ್ನೇ ಹೇಳುವುದು. 2.46ರ ಹತ್ತಿರ ಇದ್ದರೆ ಬೇಗ, 2.80ರ ಕಡೆಗೆ ಹೋದಷ್ಟೂ ತಡ. ಡಿಫರೆನ್ಶಿಯಲ್ ಜಾಸ್ತಿ ಇದ್ದಷ್ಟೂ ತಿರುಗುವ ಶಕ್ತಿ ಜಾಸ್ತಿ. ನಿಯಮ ಅದನ್ನು 0.060ಕ್ಕೆ ನಿಲ್ಲಿಸಿದೆ. ಅಂಗಡಿಯಲ್ಲಿ "ಸಿಮೆಟ್ರಿಕ್ ಕೋರ್ ಇರಲಿ" ಎಂದು ಹೇಳಿದರೆ ಸಾಕು. ಅದರ ನಡವಳಿಕೆ ಊಹಿಸಲು ಸುಲಭ.

ಹಗುರದ ಬಾಲ್ ಕೊಳ್ಳುವವರು ಮಾತ್ರ ಒಂದು ಪ್ರಶ್ನೆ ಕೇಳಿ. ಎಷ್ಟೋ ಬಾಲ್‌ಗಳಲ್ಲಿ ಜಾಹೀರಾತಿನಲ್ಲಿ ತೋರಿಸುವ ಕೋರ್ ಇರುವುದು ಭಾರದವುಗಳಲ್ಲಿ ಮಾತ್ರ. ಕಡಿಮೆ ತೂಕದವಕ್ಕೆ ಬೇರೆ ಸಾದಾ ಕೋರ್ ಹಾಕಿರುತ್ತಾರೆ.

ನಾನು ಎಡಚ. ಬೇರೆ ಬಾಲ್ ಬೇಕಾ?

ಬಾಲ್ ಅದೇ. ಕೊರೆಯುವುದು ಮಾತ್ರ ಎಡಗೈಗೆ. ಬಲಗೈಯವರ ಹಳೇ ಬಾಲ್ ಹಾಗೇ ಎತ್ತಿ ಆಡಬೇಡಿ, ಉಂಗುರ ಬೆರಳಿನ ಜಾಗಕ್ಕೆ ನಡುಬೆರಳು ಹೋಗಿ ಅಳತೆಯೆಲ್ಲ ಅದಲುಬದಲು ಆಗುತ್ತದೆ.

ನಾನು ಎರಡೂ ಕೈ ಸೇರಿಸಿ ಎಸೆಯುತ್ತೇನೆ. ಹೆಬ್ಬೆರಳ ತೂತು ಬೇಕಾ?

ಹೆಬ್ಬೆರಳು ಹಾಕದೆ ಆಡುವವರಾದರೆ ಅದನ್ನು ಕೊರೆಸಲೇಬೇಡಿ. ಅಮೆರಿಕದ ಯುನೈಟೆಡ್ ಸ್ಟೇಟ್ಸ್ ಬೌಲಿಂಗ್ ಕಾಂಗ್ರೆಸ್ ಎಂಬ ನಿಯಮ ಮಾಡುವ ಸಂಸ್ಥೆ 2020ರ ಆಗಸ್ಟ್ 1ರಿಂದ ಸಮತೋಲನಕ್ಕೆಂದು ಕೊರೆಯುತ್ತಿದ್ದ ಹೆಚ್ಚುವರಿ ತೂತನ್ನು ತೆಗೆದುಹಾಕಿತು. ಅದರ ನಿಯಮದಡಿ ಆಡುವಾಗ ಬಾಲ್‌ನಲ್ಲಿರುವ ಪ್ರತಿ ತೂತಿನಲ್ಲೂ ಬೆರಳು ಇರಬೇಕು. ಸುಮ್ಮನೆ ಬಿಟ್ಟ ಹೆಬ್ಬೆರಳ ತೂತು ಅಲ್ಲಿ ನಡೆಯುವುದಿಲ್ಲ.

ಎರಡು ಕೈಯ ಆಟವನ್ನು ಒಂದು ಕಾಲದಲ್ಲಿ ಮಕ್ಕಳಾಟ ಎಂದು ನಗುತ್ತಿದ್ದರು. ಆಸ್ಟ್ರೇಲಿಯಾದ ಜೇಸನ್ ಬೆಲ್ಮಾಂಟೆ ಹಾಗೆ ಆಡಿಯೇ ದೊಡ್ಡ ದೊಡ್ಡ ಪ್ರಶಸ್ತಿ ಗೆದ್ದ ಮೇಲೆ ಆ ನಗು ನಿಂತಿತು. ಈ ಆಟದಲ್ಲಿ ಸುತ್ತು ತಾನಾಗಿ ಜಾಸ್ತಿ ಬರುತ್ತದೆ. ಹಾಗಾಗಿ ತೀರಾ ತಿರುಗುವ ಬಾಲ್ ನಿಮಗಂತೂ ಬೇಡ.

ಯಾರೋ ಬಳಸಿದ ಬಾಲ್ ತಗೊಂಡರೆ ಆಗುತ್ತಾ?

ಆಗುತ್ತದೆ. ಹಳೇ ತೂತುಗಳನ್ನು ರೆಸಿನ್ ತುಂಬಿ ಮುಚ್ಚಿ, ನಿಮ್ಮ ಅಳತೆಗೆ ಹೊಸದಾಗಿ ಕೊರೆಯಬಹುದು. ಕೊಳ್ಳುವ ಮೊದಲು ಬೆಳಕಿಗೆ ಹಿಡಿದು ಉಗುರಿನಿಂದ ಮೈಯೆಲ್ಲ ಸವರಿ. ಎರಡು ಬೆರಳಿನ ತೂತುಗಳ ನಡುವಿನ ಕಿರಿದಾದ ಜಾಗವನ್ನು ವಿಶೇಷವಾಗಿ ನೋಡಿ, ಬಿರುಕು ಮೊದಲು ಬಿಡುವುದು ಹೆಚ್ಚಾಗಿ ಅಲ್ಲಿ. ಗೀರುಗಳಿಗೆ ಹೆದರಬೇಡಿ, ಮೇಲ್ಮೈ ಉಜ್ಜಿಸಿದರೆ ಹೋಗುತ್ತವೆ. ಉಗುರು ಸಿಕ್ಕಿಕೊಳ್ಳುವ ಬಿರುಕು ಇದ್ದರೆ ಬಿಟ್ಟುಬಿಡಿ. ಹೆಚ್ಚುವರಿ ತೂತು ಇರುವ ಹಳೇ ಬಾಲ್ ಆದರೆ ಸ್ಪರ್ಧೆಗೆ ಮೊದಲು ಅದನ್ನೂ ಮುಚ್ಚಿಸಬೇಕಾಗುತ್ತದೆ.

ಲೆಕ್ಕ ಹಾಕುವಾಗ ಮುಚ್ಚಿಸಿ ಕೊರೆಸುವ ಖರ್ಚನ್ನೂ ಸೇರಿಸಿ. ಕೆಲವು ಸಲ ಎರಡೂ ಸೇರಿ ಹೊಸ ಪ್ಲಾಸ್ಟಿಕ್ ಬಾಲ್‌ನ ಹತ್ತಿರ ಬಂದುಬಿಡುತ್ತದೆ. ಆಗ ಹೊಸದೇ ವಾಸಿ.

ಆನ್‌ಲೈನ್‌ನಲ್ಲಿ ತರಿಸಬಹುದಾ?

ಬಾಲ್ ತರಿಸಬಹುದು. ಆದರೆ ಸಾಮಾನ್ಯವಾಗಿ ತೂತಿಲ್ಲದ ಗುಂಡು ಬರುತ್ತದೆ. ಅದನ್ನು ಕೊರೆಸಲು ಮತ್ತೆ ಪ್ರೊ ಶಾಪ್‌ಗೇ ಹೋಗಬೇಕು. ಮೊದಲನೆಯದನ್ನಾದರೂ ಅಳತೆ ತೆಗೆಯುವವರ ಹತ್ತಿರವೇ ಕೊಳ್ಳಿ ಎನ್ನುತ್ತೇನೆ. ಒಂದು ವಾರ ಆಡಿ ಹೆಬ್ಬೆರಳು ಬಿಗಿ ಅನ್ನಿಸಿದರೆ ಅವರ ಮುಂದೆ ಹೋಗಿ ನಿಲ್ಲಬಹುದು. ಇಂಟರ್ನೆಟ್ ನೋಡಿ ಕೈಯಳತೆ ನೀವೇ ತೆಗೆದು ಕಳಿಸುವುದು ಬೇಡವೇ ಬೇಡ.

ಮಕ್ಕಳಿಗೆ ಕೊಡಿಸಲಾ?

ಕೈ ಬೆಳೆಯುತ್ತಿರುತ್ತದೆ, ಅಳತೆ ಆಗಾಗ ಬದಲಾಗುತ್ತದೆ. ಮಗು ನಿಜವಾಗಿ ಹಚ್ಚಿಕೊಂಡಿದ್ದರೆ ಹಗುರದ ಪ್ಲಾಸ್ಟಿಕ್ ಬಾಲ್ ಕೊಡಿಸಿ, ಆಗಾಗ ತೂತು ಮುಚ್ಚಿಸಿ ಕೊರೆಸುತ್ತಿರಿ. "ಬೆಳೀತಾನಲ್ಲ, ಸ್ವಲ್ಪ ದೊಡ್ಡದೇ ಇರಲಿ" ಎಂದು ಬಟ್ಟೆ ತರುವ ಲೆಕ್ಕದಲ್ಲಿ ಭಾರದ್ದು ತರಬೇಡಿ.

ಒಂದು ದಿನ ಹೆಬ್ಬೆರಳು ಸಿಕ್ಕಿಕೊಳ್ಳುತ್ತೆ, ಇನ್ನೊಂದು ದಿನ ಸಡಿಲ. ಬಾಲ್ ಹಾಳಾಯ್ತಾ?

ಬಾಲ್ ಅಲ್ಲ, ಬದಲಾಗುವುದು ನಿಮ್ಮ ಹೆಬ್ಬೆರಳು. ಸೆಕೆಗೆ ಊದುತ್ತದೆ, ಚಳಿಗೆ ಸೊರಗುತ್ತದೆ, ಆಡುತ್ತಾ ಆಡುತ್ತಾ ಮತ್ತೆ ಊದುತ್ತದೆ. ಅದಕ್ಕೆ ಆಟಗಾರರು ತೂತಿನ ಒಳಗೆ ಅಂಟಿಸುವ ಟೇಪ್ ಇಟ್ಟುಕೊಂಡಿರುತ್ತಾರೆ. ಉಗುರಿನಷ್ಟು ಅಗಲದ ಚಿಕ್ಕ ಪಟ್ಟಿ. ಸಡಿಲವಾದರೆ ಒಂದು ಅಂಟಿಸು, ಬಿಗಿಯಾದರೆ ಒಂದು ಕಿತ್ತು ಹಾಕು. ಕೊರೆಸುವಾಗಲೇ ತೂತನ್ನು ಒಂದೆರಡು ಟೇಪ್ ಹಿಡಿಯುವಷ್ಟು ದೊಡ್ಡದಾಗಿ ಬಿಡಲು ಹೇಳಿ. ಟೇಪ್ ಅಂಟಿಸಲು ಒಂದು ಚಿಮಟ ಬ್ಯಾಗಿನಲ್ಲಿರಲಿ, ಬೆರಳಿನಿಂದ ಒಳಗೆ ಅಂಟಿಸಲು ಹೋದರೆ ಅರ್ಧ ಸಲ ಬೆರಳಿಗೇ ಅಂಟಿರುತ್ತದೆ.

ಬಾಲ್ ನೋಡಿಕೊಳ್ಳುವುದು ಹೇಗೆ?

ಪ್ರತಿ ಎಸೆತದ ಮೇಲೆ ಮೈಕ್ರೋಫೈಬರ್ ಬಟ್ಟೆಯಲ್ಲಿ ಎಣ್ಣೆ ಒರೆಸಿ. ವಾಪಸ್ ಬಂದ ಬಾಲ್ ಮೇಲೆ ಉಂಗುರದಂಥ ಎಣ್ಣೆಗೆರೆ ಕಾಣುತ್ತದೆ, ಅದನ್ನೇ. ಆಟ ಮುಗಿದ ಕೂಡಲೇ, ಬಾಲ್ ಇನ್ನೂ ಬೆಚ್ಚಗಿರುವಾಗ, ಬಾಲ್ ಕ್ಲೀನರ್ ಹಾಕಿ ಮತ್ತೊಮ್ಮೆ ಒರೆಸಿ. ಪ್ಲಾಸ್ಟಿಕ್‌ಗೆ ಇಷ್ಟು ಉಪಚಾರ ಬೇಕಿಲ್ಲ, ಅದು ಎಣ್ಣೆ ಕುಡಿಯುವುದಿಲ್ಲ.

ಕಾರಿನ ಡಿಕ್ಕಿಯಲ್ಲಿ ಬಿಡಬೇಡಿ. ಇದೊಂದನ್ನು ಗಟ್ಟಿಯಾಗಿ ಹೇಳುತ್ತೇನೆ. ಬಿಸಿಲಲ್ಲಿ ನಿಂತ ಕಾರು ಒಲೆಯ ಹಾಗೆ ಕಾಯುತ್ತದೆ, ರಾತ್ರಿ ತಣ್ಣಗಾಗುತ್ತದೆ. ಹೊರಪದರ ಮತ್ತು ಒಳಗಿನ ಭಾಗ ಹಿಗ್ಗುವುದು, ಕುಗ್ಗುವುದು ಒಂದೇ ಪ್ರಮಾಣದಲ್ಲಿ ಅಲ್ಲ. ಒಂದು ದಿನ ಬಿರುಕು ಬಿಡುತ್ತದೆ. ಮನೆಯೊಳಗೆ, ಕೋಣೆಯ ಸಾಧಾರಣ ತಾಪದಲ್ಲಿ ಇಡಿ.

ರಿಯಾಕ್ಟಿವ್ ಬಾಲ್ ತಿಂಗಳುಗಟ್ಟಲೆ ಎಣ್ಣೆ ಹೀರಿ ಮಂಕಾಗುತ್ತದೆ, ಮೊದಲಿನಷ್ಟು ತಿರುಗುವುದಿಲ್ಲ. ಆಗ ಪ್ರೊ ಶಾಪ್‌ನಲ್ಲಿ ಎಣ್ಣೆ ತೆಗೆಸಿ, ಮೇಲ್ಮೈ ಹೊಸದಾಗಿ ಉಜ್ಜಿಸಬಹುದು. ಮನೆಯ ಓವನ್‌ನಲ್ಲಿ ಇಟ್ಟು ಎಣ್ಣೆ ಇಳಿಸುವ ಸಾಹಸ ಬೇಡ.

ಬಾಲ್ ಮೊದಲಾ, ಶೂ ಮೊದಲಾ?

ಎರಡಕ್ಕೂ ಹಣ ಇಲ್ಲ ಅಂದರೆ ನಾನು ಶೂ ಅನ್ನುತ್ತೇನೆ. ಬಾಡಿಗೆ ಶೂ ಒಂದು ದಿನ ಜಾರುತ್ತದೆ, ಇನ್ನೊಂದು ದಿನ ಕಚ್ಚುತ್ತದೆ. ಕೊನೆಯ ಹೆಜ್ಜೆ ಪ್ರತಿ ಸಲ ಒಂದೇ ಥರ ಇಲ್ಲದಿದ್ದರೆ ಎಂಥ ಬಾಲ್ ಇದ್ದರೂ ಒಂದೇ. ಬಲಗೈಯವರಿಗೆ ಎಡ ಶೂ ಜಾರುವಂಥದ್ದು, ಎಡಗೈಯವರಿಗೆ ಬಲ ಶೂ. ಇದನ್ನು ಹಾಕಿಕೊಂಡು ಹೊರಗೆ, ಒದ್ದೆ ನೆಲಕ್ಕೆ ಹೋಗಬೇಡಿ. ಜಾರುವ ಅಟ್ಟೆ ಒಮ್ಮೆ ಒದ್ದೆಯಾದರೆ ಮುಂದಿನ ಎಸೆತಕ್ಕೆ ಕಾಲು ಅಲ್ಲೇ ನಿಂತು, ದೇಹ ಮಾತ್ರ ಮುಂದೆ ಹೋಗುತ್ತದೆ.

ಬಣ್ಣ ನೋಡಿ ಕೊಂಡರೆ ತಪ್ಪಾ?

ಇಲ್ಲ. ಅಳತೆ, ತೂಕ, ಮೇಲ್ಮೈ ಮೂರೂ ಸರಿ ಇದ್ದ ಮೇಲೆ ಧಾರಾಳವಾಗಿ ಬಣ್ಣ ನೋಡಿ. ಸ್ಟಾರ್ಮ್ ಕಂಪನಿಯ ಬಾಲ್‌ಗಳಿಗೆ ಪರಿಮಳ ಕೂಡ ಇರುತ್ತದೆ, ಮೂಸಿ ನೋಡುವವರನ್ನು ಕಂಡರೆ ಗಾಬರಿಯಾಗಬೇಡಿ.

ಹೊಸ ಬಾಲ್ ಬಂದ ಮೇಲೆ ಸ್ಕೋರ್ ಇಳಿದಿದೆ! ಮೋಸ ಹೋದೆನಾ?

ಎಲ್ಲರಿಗೂ ಹೀಗೇ ಆಗುತ್ತದೆ. ಹಳೇ ಹೌಸ್ ಬಾಲ್‌ಗೆ ಹೊಂದಿಸಿಕೊಂಡಿದ್ದ ಕೈ ಇನ್ನೂ ಅದೇ ಬಿಗಿಯಲ್ಲಿದೆ. ಸ್ವಲ್ಪ ದಿನ ಸ್ಕೋರ್ ಹಲಗೆ ನೋಡಲೇಬೇಡಿ. ಲೇನ್ ಮೇಲೆ ಬಾಣದ ಗುರುತುಗಳಿವೆಯಲ್ಲ, ಒಟ್ಟು ಏಳು. ಬಾಲ್ ಯಾವುದರ ಮೇಲೆ ಹಾದುಹೋಯಿತು, ಕೊನೆಗೆ ಎಲ್ಲಿ ತಲುಪಿತು, ಇಷ್ಟನ್ನೇ ನೋಡಿ. ಬಲಗೈಯವರು ಬಲಗಡೆಯಿಂದ ಎರಡನೇ ಬಾಣ ಹಿಡಿದು ಶುರು ಮಾಡಿ. ಬಾಲ್ ತೀರಾ ಎಡಕ್ಕೆ ಹೋದರೆ ನಿಲ್ಲುವ ಜಾಗವನ್ನು ನೆಲದ ಎರಡು ಹಲಗೆಪಟ್ಟಿಯಷ್ಟು ಎಡಕ್ಕೆ ಸರಿಸಿ, ಬಾಣ ಮಾತ್ರ ಅದೇ ಇರಲಿ.

ನನಗೆ ಎರಡನೇ ಬಾಲ್‌ನಲ್ಲಿ ಹಳೇ ಸ್ಕೋರ್ ವಾಪಸ್ ಬರಲು ಐದು ವಾರ ಹಿಡಿಯಿತು. ಐದನೇ ವಾರ ನಾನು ಮಾಡಿದ್ದಿಷ್ಟೇ: ಹೆಬ್ಬೆರಳ ತೂತಿನಿಂದ ಒಂದು ಟೇಪ್ ಕಿತ್ತೆ.